ಹಳೆಯ ಫಿಯಟ್ ಕೊಳ್ಳುವ ಮುನ್ನ ಇಂಜಿನ್ ನಂಬರ್ ಉಜ್ಜಿ ನೋಡಿ

2022ರಲ್ಲಿ ನಾನು ಬ್ರೋಕರ್ ಒಬ್ಬರ ಮೂಲಕ 1968ರ ಫಿಯಟ್ 1100ಡಿ ಕಾರನ್ನು ಕೊಂಡೆ. ಎಂ.ವೈ. ಅಕ್ಷರಗಳಿಂದ ಆರಂಭವಾಗುವ ಮೈಸೂರು ರಾಜ್ಯದ ಕಾಲದ ನಂಬರ್ ಪ್ಲೇಟು, ಸ್ಟಿಯರಿಂಗ್ ಪಕ್ಕದ ಗೇರು, ಅಂಚು ಸವೆದ ಆರ್‌ಸಿ ಪುಸ್ತಕ, ಚಾಲ್ತಿಯಲ್ಲಿದ್ದ ವಿಮಾ ಪಾಲಿಸಿ ಇವಿಷ್ಟನ್ನು ಕಂಡ ಮೇಲೆ ಬೇರೇನನ್ನಾದರೂ ಪರೀಕ್ಷಿಸಬೇಕೆಂದು ನನಗೆ ತೋಚಲೇ ಇಲ್ಲ. ನೋಂದಣಿ ನವೀಕರಣದ ಕೊನೆಯ ಮೊಹರಿನ ಅವಧಿ 2011ಕ್ಕೇ ಮುಗಿದಿದ್ದುದನ್ನು ನೋಡಿಯೂ, ಬಹಳ ಹಳೆಯ ವಾಹನಗಳಿಗೆಂದೇ ಇರುವ ವಿಂಟೇಜ್ ನೋಂದಣಿ ಮಾಡಿಸುವಾಗ ಹೆಸರು ಬದಲಾವಣೆಯೂ ಒಟ್ಟಿಗೇ ಆಗುತ್ತದೆಂಬ ಬ್ರೋಕರ್ ಮಾತನ್ನು ನಂಬಿ ಸುಮ್ಮನಿದ್ದೆ.

ನಾಲ್ಕು ತಿಂಗಳ ನಂತರ, ಮನೆಯ ಮುಂದೆ ನಿಲ್ಲಿಸಿದ್ದ ಕಾರಿಗೆ ಹಿಂದಕ್ಕೆ ಬರುತ್ತಿದ್ದ ಟೆಂಪೊ ಗುದ್ದಿ ಮುಂಭಾಗದ ಮಡ್‌ಗಾರ್ಡ್ ನುಜ್ಜುಗುಜ್ಜಾಯಿತು. ವಿಮೆಯವರ ಸರ್ವೇಯರ್ ಬಂದು ಬಾನೆಟ್ ತೆರೆದು, ಸೀಮೆಎಣ್ಣೆ ಬಟ್ಟೆಯಿಂದ ಇಂಜಿನ್ ಮೇಲಿನ ಜಿಡ್ಡು ಒರೆಸಿ, ಅಲ್ಲಿ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರು. ಬೂದುಬಣ್ಣದಲ್ಲಿ ಒಂದೊಂದಾಗಿ ಮೂಡಿದ ಅಂಕಿಗಳು ಆರ್‌ಸಿ ಪುಸ್ತಕದಲ್ಲಿದ್ದವುಗಳಿಗೆ ತಾಳೆಯಾಗಲಿಲ್ಲ. ನನ್ನ ಕ್ಲೇಮು ತಿರಸ್ಕೃತವಾದದ್ದು ಮಾತ್ರ ಅದಕ್ಕಿಂತ ಸರಳವಾದ ಎರಡು ಕಾರಣಗಳಿಗೆ: ಪಾಲಿಸಿ ಇನ್ನೂ ಹಿಂದಿನ ಮಾಲೀಕರ ಹೆಸರಿನಲ್ಲಿತ್ತು, ವಾಹನದ ನೋಂದಣಿ ಊರ್ಜಿತದಲ್ಲಿರಲಿಲ್ಲ. ಮಾರಾಟವಾದಾಗ ಥರ್ಡ್ ಪಾರ್ಟಿ ವಿಮೆ ಕಾನೂನಿನ ಪ್ರಕಾರ ಹೊಸ ಮಾಲೀಕನಿಗೆ ತಾನಾಗಿಯೇ ವರ್ಗವಾಗುತ್ತದೆ. ನಮ್ಮ ಸ್ವಂತ ವಾಹನದ ಹಾನಿಗೆ ಸಂಬಂಧಿಸಿದ ಭಾಗ ಹಾಗಲ್ಲ, ಅದಕ್ಕೆ 14 ದಿನಗಳೊಳಗೆ ಅರ್ಜಿ ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು. ಕಂತು ಕಟ್ಟಿದ ರಸೀದಿ ಇದೆಯಲ್ಲ ಎಂಬ ನನ್ನ ವಾದವನ್ನು ಯಾರೂ ಕೇಳಲಿಲ್ಲ, ಕೇಳಬೇಕಾದ ಅಗತ್ಯವೂ ಅವರಿಗಿರಲಿಲ್ಲವೆನ್ನಿ.

ಆ ಬಳಿಕ ವಿಂಟೇಜ್ ನೋಂದಣಿಗೆ ಹೋದಾಗಲೇ ಇಂಜಿನ್ ನಂಬರಿನ ನಿಜವಾದ ಪೆಟ್ಟು ಬಿದ್ದಿತು. 2021ರ ಜುಲೈನಲ್ಲಿ ಪ್ರಕಟವಾದ ಕೇಂದ್ರ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ 20,000 ರೂಪಾಯಿ ಶುಲ್ಕ ಕಟ್ಟಿ 10 ವರ್ಷಗಳ ವಿಂಟೇಜ್ ನೋಂದಣಿ ಪಡೆಯಬಹುದು, ಹಳೆಯ ನಂಬರನ್ನೂ ಉಳಿಸಿಕೊಳ್ಳಬಹುದು. ಆದರೆ ಚಾಸಿ, ಬಾಡಿ, ಇಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಕೂಡದು. ನನ್ನ ಕಾರಿನಲ್ಲಿದ್ದದ್ದು ಇದೇ ಕಾರಿನ ನಂತರದ ರೂಪವಾದ ಪ್ರೀಮಿಯರ್ ಪದ್ಮಿನಿಯ ಇಂಜಿನ್ನು. ಎರಡರದ್ದೂ 1089 ಸಿಸಿ ಆದ್ದರಿಂದ ಅದು ಸಲೀಸಾಗಿ ಕೂರುತ್ತದೆ, ಓಡಿಸುವಾಗ ವ್ಯತ್ಯಾಸವೂ ತಿಳಿಯುವುದಿಲ್ಲ. ಅದನ್ನು ಯಾವ ಗಾಡಿಯಿಂದ ಇಳಿಸಿದರು, ಬಿಲ್ಲು ಎಲ್ಲಿ ಎಂಬ ಪ್ರಶ್ನೆಗೆ ಹಿಂದಿನ ಮಾಲೀಕರಲ್ಲೂ ಉತ್ತರವಿರಲಿಲ್ಲ, ಅರ್ಜಿ ವಾಪಸಾಯಿತು.

ವಿಂಟೇಜ್ ನೋಂದಣಿ ಆದರೆ ದಿನಾ ಆಫೀಸಿಗೂ ಓಡಿಸಬಹುದೆಂದು ಬ್ರೋಕರ್ ಹೇಳಿದ್ದೂ ಸುಳ್ಳೇ. ಅಂಥ ವಾಹನವನ್ನು ರ್‍ಯಾಲಿ, ಪ್ರದರ್ಶನ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು ಮತ್ತು ದುರಸ್ತಿಗಳಿಗಷ್ಟೇ ರಸ್ತೆಗಿಳಿಸಬಹುದು.

ಆದ್ದರಿಂದ ಮುಂಗಡ ಕೊಡುವ ಮೊದಲೇ ಇಂಜಿನ್ ಮತ್ತು ಚಾಸಿ ನಂಬರುಗಳನ್ನು ನೀವೇ ಪೆನ್ಸಿಲ್ ಉಜ್ಜಿ ತೆಗೆದು ಆರ್‌ಸಿಯೊಂದಿಗೆ ತಾಳೆ ನೋಡಿ, ನವೀಕರಣವನ್ನು ಮಾರುವವರಿಂದಲೇ ಮಾಡಿಸಿ, ಬಾಕಿ ಹಣವನ್ನು ಹೆಸರು ಬದಲಾವಣೆಯಾದ ಮೇಲೆಯೇ ಕೊಡಿ. ನನ್ನ ಫಿಯಟ್ ಈಗ ಶೆಡ್ಡಿನಲ್ಲಿದೆ. ಅದರ ಮೂಲ ಇಂಜಿನ್ ಬಹಳ ಹಿಂದೆಯೇ ಗುಜರಿಗೆ ಹೋಯಿತೆಂದು ಹಿಂದಿನ ಮಾಲೀಕರ ಮೆಕ್ಯಾನಿಕ್ ಹೇಳುತ್ತಾರೆ.