ಭಾರ ಸೊಂಟಕ್ಕಿಳಿಸುವ ಬ್ಯಾಗು: ಓಸ್‌ಪ್ರೇ ಫಾರ್‌ಪಾಯಿಂಟ್ 40

ಕುರ್ಲಾದಲ್ಲಿ ಮತ್ಸ್ಯಗಂಧ ರೈಲು ಹತ್ತಿ ಮರುದಿನ ಮಂಗಳೂರಲ್ಲಿ ಇಳಿಯುವುದಕ್ಕೆ ಯಾವ ಬ್ಯಾಗಾದರೂ ನಡೆದೀತು. ಮೂರು ವಾರ, ಐದಾರು ಊರು, ನಡುವೆ ವಿಮಾನ, ಬಸ್ಸು, ಲೋಕಲ್ಲು ಎಂದಾದರೆ ಮೊದಲು ನೋಡಬೇಕಾದ್ದು ಸೊಂಟದ ಬೆಲ್ಟು. ಒಳಗಿನ ಚೌಕಟ್ಟು ಗಟ್ಟಿಯಿದ್ದು ಬೆಲ್ಟು ಸರಿಯಾಗಿ ಕೂತರೆ ಮುಕ್ಕಾಲು ಪಾಲು ಭಾರ ಸೊಂಟದ ಮೂಳೆಗೆ ಇಳಿಯುತ್ತದೆ. ಓಸ್‌ಪ್ರೇ ಕಂಪನಿಯ ನಲವತ್ತು ಲೀಟರಿನ ಬೆನ್ನುಚೀಲ ಫಾರ್‌ಪಾಯಿಂಟ್ 40ರಲ್ಲಿ ಇವೆರಡೂ ಇವೆ.

ಎತ್ತರ ನೋಡಿ ಕೊಳ್ಳಬೇಡಿ, ಬೆನ್ನು ಅಳೆದು ಕೊಳ್ಳಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ, ಸೊಂಟದ ಎರಡೂ ಮೂಳೆಗಳ ಮೇಲಂಚಿನ ಮಟ್ಟದವರೆಗೆ ಟೇಪು ಹಿಡಿಯಿರಿ. ಹೊಸ ಮಾದರಿಯಲ್ಲಿ ಈ ಅಳತೆಗೆ ತಕ್ಕಂತೆ ಹೆಗಲ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಬಹುದು. ಹೆಂಗಸರಿಗೆ ಇದೇ ಕಂಪನಿಯ ಫೇರ್‌ವ್ಯೂ 40 ಇದೆ.

ಅಂಗಡಿಯಲ್ಲಿ ಖಾಲಿ ಬ್ಯಾಗು ಹಾಕಿಕೊಂಡರೆ ಏನೂ ತಿಳಿಯದು. ಎಂಟು ಕಿಲೋ ತುಂಬಿಸಿ. ಎಲ್ಲ ಪಟ್ಟಿ ಸಡಿಲ ಮಾಡಿ, ಬೆಲ್ಟಿನ ನಡುಭಾಗ ಸೊಂಟದ ಮೂಳೆಯ ಅಂಚಿನ ಮೇಲೆ ಬರುವಂತೆ ಮೊದಲು ಅದನ್ನೇ ಬಿಗಿಯಿರಿ. ಆಮೇಲೆ ಹೆಗಲ ಪಟ್ಟಿ, ಕೊನೆಗೆ ಎದೆಯ ಪಟ್ಟಿ, ಅದೂ ಉಸಿರಿಗೆ ಅಡ್ಡಿಯಾಗದಷ್ಟು. ಹೆಚ್ಚಿನವರು ಬೆಲ್ಟನ್ನು ಹೊಟ್ಟೆಯ ಮೇಲೆ ಕಟ್ಟುತ್ತಾರೆ. ಅದು ನಡೆಯುತ್ತಾ ಜಾರುತ್ತದೆ, ಅರ್ಧ ಗಂಟೆಯಲ್ಲಿ ಹೆಗಲು ಉರಿಯುತ್ತದೆ, ಬೈಗುಳ ಬ್ಯಾಗಿಗೆ! ಇಪ್ಪತ್ತು ನಿಮಿಷ ನಡೆದು, ಮೆಟ್ಟಿಲು ಹತ್ತಿಳಿದು ನೋಡಿಯೇ ದುಡ್ಡು ಕೊಡಿ.

ಈ ಬ್ಯಾಗು ಸೂಟ್‌ಕೇಸಿನಂತೆ ಪೂರ್ತಿ ತೆರೆದುಕೊಳ್ಳುತ್ತದೆ. ಬರ್ತಿನ ಕೆಳಗಿಂದ ಅರ್ಧ ಎಳೆದು, ತಳದಲ್ಲಿರುವ ಅಂಗಿಯನ್ನೂ ಉಳಿದದ್ದು ಕೆದರದೆ ತೆಗೆಯಬಹುದು. ಆದರೆ ಒಳಗಿನ ಎರಡು ಪಟ್ಟಿ ಬಿಗಿಯದಿದ್ದರೆ ನಿಲ್ಲಿಸಿದ ಕೂಡಲೇ ಬಟ್ಟೆಯೆಲ್ಲ ಬುಡಕ್ಕೆ ಕುಸಿಯುತ್ತದೆ. ಭಾರದ ಸಾಮಾನು ಬೆನ್ನಿಗೆ ಅಂಟಿಕೊಂಡಿರಲಿ. ಹೊರಬದಿಗೆ ಹೋದಷ್ಟೂ ಹಿಂದಕ್ಕೆ ಜಗ್ಗುತ್ತದೆ.

ಮುಂಬೈಯವರಿಗೆ ತುಂಬ ಒದಗುವುದು ಬೆನ್ನಿನ ಕಡೆಯ ಜಿಪ್ಪಿನ ಹೊದಿಕೆ. ದಾದರಿನಲ್ಲಿ ಲೋಕಲ್ ಹತ್ತುವ ಮುಂಚೆ ಹೆಗಲ ಪಟ್ಟಿ, ಬೆಲ್ಟು ಎರಡನ್ನೂ ಅದರೊಳಗೆ ಮಡಚಿ ಮುಚ್ಚಿದರೆ ಕೈಚೀಲವಾಗುತ್ತದೆ. ಜೋತಾಡುವ ಬಕಲು ಯಾರ ಕೈಗೂ ಸಿಕ್ಕಿಹಾಕಿಕೊಳ್ಳದು, ಮೇಲಿನ ರ್‍ಯಾಕಿಗೆ ಸಲೀಸಾಗಿ ಏರುತ್ತದೆ.

ಇಂಡಿಗೋದಲ್ಲಿ ಕ್ಯಾಬಿನ್ ಬ್ಯಾಗಿನ ಮಿತಿ 7 ಕಿಲೋ, ಉದ್ದ ಅಗಲ ದಪ್ಪ ಕೂಡಿಸಿ 115 ಸೆಂ.ಮೀ. ಇದರ ಸ್ವಂತ ತೂಕವೇ ಸುಮಾರು ಒಂದೂವರೆ ಕಿಲೋ. ನಿಮಗೆ ಉಳಿಯುವುದು ಐದೂವರೆ. ಉಬ್ಬುವಷ್ಟು ತುರುಕಿದರೆ ಅಳತೆಯೂ ಮೀರುತ್ತದೆ. ಹತ್ತು ಕಿಲೋ ದಾಟಿಸುವವರು ಇನ್ನೂ ದಪ್ಪ ಬೆಲ್ಟಿನ ಟ್ರೆಕಿಂಗ್ ಬ್ಯಾಗು ನೋಡುವುದೇ ಮೇಲು.

ಕೊರತೆ ಮಳೆಯದ್ದು. ರೇನ್ ಕವರ್ ಜೊತೆಗೆ ಬರುವುದಿಲ್ಲ, ಜಿಪ್ಪಿನ ಹಲ್ಲುಗಳ ನಡುವೆ ನೀರು ಒಸರುತ್ತದೆ. ಪ್ರತ್ಯೇಕ ಕವರ್ ಹಾಕಿದರೂ ಬೆನ್ನ ಮೇಲೆ ಹರಿದು ಬಂದ ನೀರು ಹಿಂದಿನಿಂದ ಒಳಹೋಗುತ್ತದೆ. ಕೊಂಕಣದ ಜುಲೈಗೆ ಒಳಗಡೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಬಾಯಿ ಎರಡು ಸುತ್ತು ಮಡಚಿ.

ಊರಿಗೆ ಮರಳಿದ ಮೇಲೆ ಒದ್ದೆ ಬ್ಯಾಗನ್ನು ಕಪಾಟಿನಲ್ಲಿ ತುರುಕಬೇಡಿ. ಮುಂಬೈಯ ತೇವಕ್ಕೆ ಬಟ್ಟೆಯ ಒಳಮೈಯ ಪಾಲಿಯುರೆಥೇನ್ ಲೇಪ ಒಡೆದು ಅಂಟಂಟಾಗುತ್ತದೆ, ಹುಳಿ ವಾಸನೆ ಹೊಡೆಯುತ್ತದೆ, ಕೊನೆಗೆ ಹೊಟ್ಟಿನಂತೆ ಉದುರುತ್ತದೆ. ಗೋವಾದ ಮರಳು ಹೊಕ್ಕ ಜಿಪ್ಪನ್ನು ಸಿಹಿನೀರಿನಲ್ಲಿ ಹಳೇ ಟೂತ್‌ಬ್ರಶ್ಶಿನಿಂದ ಉಜ್ಜಿ ನೆರಳಲ್ಲಿ ಆರಿಸಿ. ಎಳೆದ ಮೇಲೂ ಜಿಪ್ಪು ಬಾಯಿ ಬಿಡುತ್ತಿದ್ದರೆ ಹಲ್ಲು ಹೋಗಿದೆಯೆಂದು ಗಾಬರಿ ಬೇಡ. ಬಹುತೇಕ ಸವೆದಿರುವುದು ಹಲ್ಲುಗಳನ್ನು ಕೂಡಿಸುತ್ತಾ ಸರಿಯುವ ತುಂಡು, ಅಂದರೆ ಸ್ಲೈಡರು. ಇಕ್ಕಳದಿಂದ ಅದರ ಎರಡೂ ಅಂಚನ್ನು ಕೂದಲೆಳೆಯಷ್ಟು ಒತ್ತಿದರೆ ಪ್ರವಾಸ ಮುಗಿಯುವವರೆಗೆ ಹಿಡಿಯುತ್ತದೆ.