ಕ್ರೇನ್ ಗರ್ಡರ್‌ನ ಬಿರುಕಿನ ಆಳ ಅಳೆದು ಲೆಕ್ಕ ಕೊಟ್ಟವರು

ಪೀಣ್ಯದ ಫ್ಯಾಬ್ರಿಕೇಶನ್ ಶೆಡ್ಡೊಂದರಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನಮ್ಮ 10 ಟನ್ ಇಒಟಿ ಕ್ರೇನಿನ (ಮೇಲೆ ಹಳಿಗಳಲ್ಲಿ ಓಡಾಡುವ ವಿದ್ಯುತ್ ಕ್ರೇನ್) ಗರ್ಡರ್, ಅಂದರೆ ಅಡ್ಡ ತೊಲೆಯ ಅಡಿಯಲ್ಲಿ, ಕೇಬಲ್ ಹಿಡಿಯೋಕೆ ಅಂತ ಹಿಂದೆ ಯಾರೋ ಒಂದು ಬ್ರಾಕೆಟ್ ವೆಲ್ಡ್ ಮಾಡಿದ್ದರು. ಆ ವೆಲ್ಡಿನ ಅಂಚಿನಲ್ಲೇ ಬಿರುಕು ಬಿಟ್ಟಿತ್ತು. ಮೊದಲು ಬಂದ ಏಜೆನ್ಸಿ ಉದ್ದ ಅಳೆದು, 38 ಮಿ.ಮೀ. ಅಂತ ಬರೆದು, 'ಕೊರೆದು ಮತ್ತೆ ವೆಲ್ಡ್ ಮಾಡಿ' ಅಂತ ಹೇಳಿ ಹೋಯಿತು. ಆಳದ ಮಾತೇ ಇಲ್ಲ! ಅದಕ್ಕೇ ಎರಡನೆಯವರನ್ನು ಕರೆಸಿದೆ. ಈ ವಿಮರ್ಶೆ ಅವರ ಸೇವೆಯದ್ದು.

ಬಂದವರು ಇಬ್ಬರು. ಮೊದಲು ಪೇಂಟ್ ಕೆರೆದು, ತೆಳುವಾಗಿ ಬಿಳಿ ಬಣ್ಣ ಹೊಡೆದರು. ಯೋಕ್ (ಕೈಯಲ್ಲಿ ಹಿಡಿಯುವ ಅಯಸ್ಕಾಂತ) ಇಟ್ಟು ಕಪ್ಪು ಇಂಕ್ ಸಿಂಪಡಿಸುತ್ತಿದ್ದಂತೆ ಅದರಲ್ಲಿನ ಕಬ್ಬಿಣದ ಪುಡಿ ಬಿರುಕಿನ ಮೇಲೆ ಸಾಲುಗಟ್ಟಿ ಕೂದಲಿನಂಥ ಗೆರೆ ಮೂಡಿತು. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಇವರು ಮುಂದೆ ಹೋಗಿ ಎಸಿಎಫ್‌ಎಂ ಪ್ರೋಬನ್ನು (ಎಸಿ ಕರೆಂಟಿನ ಕ್ಷೇತ್ರ ಬದಲಾಗುವುದನ್ನು ನೋಡಿ ಬಿರುಕಿನ ಆಳ ಹೇಳುವ ಸಾಧನ) ವೆಲ್ಡಿನ ಅಂಚಿಗುಂಟ ನಿಧಾನವಾಗಿ ಎಳೆದರು. 12 ಮಿ.ಮೀ. ಪ್ಲೇಟಿನಲ್ಲಿ ಬಿರುಕಿನ ಆಳ 2 ಮಿ.ಮೀ. ಎಂದು ಬಂತು.

ಕಾಸು ಕೊಟ್ಟಿದ್ದು ಸಾರ್ಥಕ ಆಗಿದ್ದು ಆಮೇಲಿನ ಲೆಕ್ಕದಿಂದ. ಬಿರುಕಿರುವ ಲೋಹ ಬಳಕೆಗೆ ಸುರಕ್ಷಿತವೇ ಅಂತ ನೋಡುವ ಬ್ರಿಟಿಷ್ ಮಾನದಂಡ ಬಿಎಸ್ 7910 ಪ್ರಕಾರ ಮಾಡಿದ್ದರು. ಪೂರ್ಣ ಲೋಡಿನಲ್ಲಿ ಆ ಜಾಗದ ಒತ್ತಡ 100 ಮೆಗಾಪಾಸ್ಕಲ್. ವೆಲ್ಡಿಂಗ್ ಆದಮೇಲೆ ಲೋಹದಲ್ಲೇ ಉಳಿದ ಒತ್ತಡವನ್ನು ಪೂರ್ತಿ 250, ಅಂದರೆ ಉಕ್ಕು ಶಾಶ್ವತವಾಗಿ ಹಿಗ್ಗಲು ಶುರುವಾಗುವ ಮಿತಿಯಷ್ಟೇ, ಎಂದು ಹಿಡಿದರು. ಎರಡೂ ಸೇರಿ ಬಿರುಕಿನ ತುದಿಯ ತೀವ್ರತೆ, ಅಂದರೆ ಬಿರುಕನ್ನು ಸೀಳಲು ತುದಿಯಲ್ಲಿ ಒಟ್ಟಾಗುವ ಬಲದ ಅಳತೆ, ಸುಮಾರು 35 ಮೆಗಾಪಾಸ್ಕಲ್ ರೂಟ್ ಮೀಟರ್. ಉಕ್ಕು ತಡೆಯುವುದು, 27 ಜೂಲ್ ಚಾರ್ಪಿ (ಸುತ್ತಿಗೆಯಿಂದ ಹೊಡೆದು ಮುರಿಯುವ ಪರೀಕ್ಷೆಯಲ್ಲಿ ಉಕ್ಕು ಹೀರುವ ಶಕ್ತಿ) ಅಂತ ಹಿಡಿದರೆ, ಸುಮಾರು 70. ಅಂದರೆ ಇವತ್ತೇ ಫಟ್ ಅಂತ ಮುರಿಯುವ ಭಯ ಇಲ್ಲ.

ಅದರ ಮೇಲೂ ಸ್ವಲ್ಪ ಅಂತರ ಉಳಿದಿದೆ ಅಂತ ಅವರಲ್ಲಿ ಹಿರಿಯರು ಬಿಡಿಸಿ ಹೇಳಿದರು. ಲ್ಯಾಬಿನಲ್ಲಿ ಉಕ್ಕನ್ನು ಪರೀಕ್ಷಿಸುವ ತುಂಡಿನಲ್ಲಿ ಬಿರುಕು ಅರ್ಧದಷ್ಟು ಆಳಕ್ಕೆ ಇರುತ್ತದೆ. ಅಲ್ಲಿ ತುದಿಯ ಲೋಹವನ್ನು ಸುತ್ತಲಿನ ಲೋಹ ಬಿಗಿಹಿಡಿದಿರುತ್ತದೆ, ಹಿಗ್ಗೋಕೆ ಜಾಗ ಇರಲ್ಲ. ಆಳವಿಲ್ಲದ ಬಿರುಕಿಗೆ ಮೇಲ್ಮೈ ಹತ್ತಿರವೇ ಇರುತ್ತದೆ, ಹಾಗಾಗಿ ಲೋಹ ಹಿಗ್ಗಿ ಜಾಸ್ತಿ ತಡೆದುಕೊಳ್ಳುತ್ತದೆ. ಬಿಎಸ್ 7910ರ ಅನುಬಂಧ ಎನ್ ಈ ಲಾಭ ಎಣಿಸಲು ಬಿಡುತ್ತದೆ. ನಮ್ಮ ಪ್ಲೇಟಿನ ಪರೀಕ್ಷೆಯ ಅಂಕಿಗಳೇ ಇಲ್ಲ, ಅದಕ್ಕೆ ಎಣಿಸಲಿಲ್ಲ ಅಂದರು. ಈ ಪ್ರಾಮಾಣಿಕತೆ ನನಗೆ ತುಂಬಾ ಹಿಡಿಸಿತು.

ಹಾಗಂತ ಬಿರುಕನ್ನು ಸುಮ್ನೆ ಬಿಡಲೂ ಇಲ್ಲ. ಪೂರ್ಣ ಲೋಡನ್ನು ಲಕ್ಷ ಸಲ ಎತ್ತುವಷ್ಟರಲ್ಲಿ ಅದು ಒಂದು ಮಿ.ಮೀ.ಗಿಂತ ಜಾಸ್ತಿ ಬೆಳೆಯುತ್ತದೆ, ಬೆಳೆದಂತೆಲ್ಲ ವೇಗವೂ ಏರುತ್ತದೆ. ಕ್ರೇನಿಗೆ ಲಕ್ಷ ಸಲ ಏನು ದೊಡ್ಡದಲ್ಲ, ಅಲ್ವಾ? ಆದ್ದರಿಂದ ಬ್ರಾಕೆಟ್ ತೆಗೆದು, ಎರಡೂವರೆ ಮಿ.ಮೀ. ಆಳಕ್ಕೆ ನಯವಾಗಿ ಗ್ರೈಂಡ್ ಮಾಡಿಸಿದರು. ಮತ್ತೆ ಇಂಕ್ ಹಾಕಿ ನೋಡಿದರು, ಗೆರೆ ಇಲ್ಲ. ಉಳಿದ ಒಂಬತ್ತೂವರೆ ಮಿ.ಮೀ. ಲೋಡಿಗೆ ಸಾಕು ಅಂತ ಲೆಕ್ಕ ತೋರಿಸಿ, ಹೊಂಡ ತುಂಬಲು ವೆಲ್ಡ್ ಹಾಕಬೇಡಿ ಅಂದರು. ಹಾಕಿದರೆ ಹೊಸ ಒತ್ತಡ ಕೂಡಿಕೊಂಡು ಅಲ್ಲೇ ಮತ್ತೆ ಬಿರುಕು ಶುರುವಾಗಬಹುದು. ಕೇಬಲ್ ಈಗ ಕ್ಲಾಂಪಿನಲ್ಲಿ ನಿಂತಿದೆ.

ಕೊರತೆಯೂ ಇದೆ. ರಿಪೋರ್ಟ್ ತುಂಬಾ ಗ್ರಾಫು, ಇಂಗ್ಲಿಷು. ಕ್ರೇನ್ ಓಡಿಸುವ ಹುಡುಗ ಏನು ಗಮನಿಸಬೇಕು ಅಂತ ಅರ್ಧ ಪುಟ ಕನ್ನಡದಲ್ಲಿ ಕೊಡಬೇಕಿತ್ತು. ಕೊನೆಗೆ ನಾನೇ ಬರೆದು ಕಂಬಕ್ಕೆ ಅಂಟಿಸಿದೆ. ದರ ಮೊದಲಿನವರಿಗಿಂತ ಮೂರು ಪಟ್ಟು ಜಾಸ್ತಿ. ಆದರೂ ಮುಂದಿನ ತಪಾಸಣೆಗೂ ಇವರನ್ನೇ ಕರೆಸುತ್ತೇನೆ.

ಇಂಥ ಸೇವೆಗೆ ಫೋನ್ ಮಾಡುವಾಗ ಆಳ ಅಳೆಯುವ ಪ್ರೋಬ್ ತರುತ್ತೀರಾ ಅಂತ ಮೊದಲೇ ಕೇಳಿ, ಇಲ್ಲದಿದ್ದರೆ ಯೋಕ್ ಒಂದೇ ಬರುತ್ತದೆ. ಗರ್ಡರ್ ಡ್ರಾಯಿಂಗ್, ಪ್ಲೇಟಿನ ಟೆಸ್ಟ್ ಸರ್ಟಿಫಿಕೇಟ್, ದಿನಕ್ಕೆ ಎಷ್ಟು ಸಲ ಎಷ್ಟು ಭಾರ ಎತ್ತುತ್ತೀರಿ ಎಂಬ ಲೆಕ್ಕ ತೆಗೆದಿಟ್ಟಿರಿ.