ಡಿಡಿರೆಸ್ಕ್ಯೂ ಬಳಸಿ ನೋಡಿದೆ: ಮೌಂಟ್ ಆಗದ ಡಿಸ್ಕ್, ಆರು ವರ್ಷದ ಕಪ್ಪೆ ಕೂಗು

ನನ್ನ ತಂಗಿ ಕಪ್ಪೆಗಳ ಕೂಗನ್ನು ರೆಕಾರ್ಡ್ ಮಾಡುತ್ತಾಳೆ. ಮಳೆಗಾಲದ ರಾತ್ರಿಗಳಲ್ಲಿ ಹೊಂಡದ ಪಕ್ಕ ಮೈಕ್ ಇಟ್ಟುಕೊಂಡು ಕೂರುವುದೇ ಅವಳ ಸಂಶೋಧನೆ. ಆರು ವರ್ಷದ ರೆಕಾರ್ಡಿಂಗ್ ಎಲ್ಲ ಒಂದೇ 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿತ್ತು. ಬ್ಯಾಕಪ್ ಇಲ್ಲವಾ ಅಂತ ಕೇಳಬೇಡಿ. ನಾನು ಕೇಳಿ ಬೈಸಿಕೊಂಡಿದ್ದೇನೆ.

"ಅಣ್ಣಾ, ಡಿಸ್ಕ್ ಓಪನ್ ಆಗ್ತಿಲ್ಲ. ನೀನು ಲಿನಕ್ಸ್ ಅಂತ ಕೂಗಾಡ್ತೀಯಲ್ಲ, ಈಗ ತೆಗೆದುಕೊಡು" ಅಂತ ತಂದಿಟ್ಟಳು.

ಕೇಬಲ್ ಚುಚ್ಚಿದೆ. ಡಿಸ್ಕ್ ತಿರುಗಿತು, ಲಿಸ್ಟ್‌ನಲ್ಲಿ ಹೆಸರೂ ಬಂತು. ಮೌಂಟ್ ಮಾಡಲು, ಅಂದರೆ ಒಳಗಿನ ಫೈಲ್‌ಗಳು ಕಾಣುವಂತೆ ತೆರೆಯಲು ಹೋದರೆ, ಸೂಪರ್‌ಬ್ಲಾಕ್ (ಫೈಲ್ ಸಿಸ್ಟಮ್‌ನ ಮುಖ್ಯ ವಿವರವಿರುವ ಜಾಗ) ಓದಲು ಆಗುತ್ತಿಲ್ಲ ಅಂತ ತಕರಾರು. ಸಿಸ್ಟಮ್ ಬರೆದಿಡುವ ದಾಖಲೆಯಾದ ಡಿಮೆಸೇಜ್ ತೆರೆದು ನೋಡಿದರೆ ಸಾಲು ಸಾಲಾಗಿ ಐಓ ಎರರ್, ಅಂದರೆ ಡಿಸ್ಕ್ ಓದಲಾಗದ ತಪ್ಪು. ಅಲ್ಲಿಗೇ ನಾನು ಕೈ ತೆಗೆಯಬೇಕಿತ್ತು. ತೆಗೆಯಲಿಲ್ಲ. ಲಿನಕ್ಸ್‌ನ ಫೈಲ್ ಸಿಸ್ಟಮ್ ಆದ ಇಎಕ್ಸ್‌ಟಿ4ನಲ್ಲಿ ಸೂಪರ್‌ಬ್ಲಾಕ್‌ಗೆ ಹಲವು ನಕಲುಗಳಿರುತ್ತವೆ, 4 ಕೆಬಿ ಬ್ಲಾಕ್ ಇದ್ದರೆ ಮೊದಲ ನಕಲು 32768ನೇ ಬ್ಲಾಕ್‌ನಲ್ಲಿರುತ್ತದೆ ಅಂತ ಗೊತ್ತಿತ್ತು. ಆ ನಂಬರ್ ಕೊಟ್ಟು ನೇರ ಆ ಡಿಸ್ಕ್ ಮೇಲೆಯೇ ಫೈಲ್ ಸಿಸ್ಟಮ್ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸಿದೆ. ಇಂಥ ಬ್ಲಾಕ್ ಓದಲಾಗಲಿಲ್ಲ, ಬಿಟ್ಟು ಮುಂದೆ ಹೋಗಲಾ ಅಂತ ಅದು ಕೇಳಿತು. ಹೂಂ ಅಂದೆ. ಮರುಕ್ಷಣ, ಅದರ ಮೇಲೆ ಬಲವಂತವಾಗಿ ತಿರುಗಿ ಬರೆಯಲಾ ಅಂತ ಕೇಳಿತು. ಅದಕ್ಕೂ ಹೂಂ ಅಂದೆ! ಎರಡನೇ ಸಲ ಅದೇ ಪ್ರಶ್ನೆ ಬಂದಾಗ ಬೆವರು ಬಂತು. ಓದಲಾಗದ ಜಾಗದ ಮೇಲೆ ಬರೆಯಲು ಒಪ್ಪಿಗೆ ಕೊಡುತ್ತಿದ್ದೇನೆ, ಬರೆದ ಮೇಲೆ ಹಳೆಯದು ಎಲ್ಲಿ ಸಿಗುತ್ತದೆ? ಕಂಟ್ರೋಲ್ ಸಿ ಒತ್ತಿ, ಕುರ್ಚಿ ಹಿಂದಕ್ಕೆ ತಳ್ಳಿ, ನೀರು ಕುಡಿದು ಬಂದೆ.

ಆಮೇಲೆ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಡಿಸ್ಕ್‌ನ ಆರೋಗ್ಯ ನೋಡಿದೆ. ಮೇಲ್ಗಡೆ ದೊಡ್ಡದಾಗಿ 'ಪಾಸ್ಡ್' ಅಂತ ಇತ್ತು. ಇದನ್ನು ನಂಬಬೇಡಿ. ಕೆಳಗೆ 197 ಅಂತ ಸಂಖ್ಯೆ ಇರುವ ಸಾಲು ನೋಡಿ, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ (ಡಿಸ್ಕ್‌ನ ಚಿಕ್ಕ ಚಿಕ್ಕ ತುಂಡುಗಳ) ಲೆಕ್ಕ. ಆರೋಗ್ಯವಂತ ಡಿಸ್ಕ್‌ನಲ್ಲಿ ಸೊನ್ನೆ ಇರಬೇಕಾದದ್ದು ಇಲ್ಲಿ 1184 ಇತ್ತು. ಅಂದರೆ ಕೆಟ್ಟಿದ್ದು ಫೈಲ್ ಸಿಸ್ಟಮ್ ಮಾತ್ರ ಅಲ್ಲ, ಡಿಸ್ಕೇ ಸಾಯುತ್ತಿದೆ. ಸಾಯುವ ಡಿಸ್ಕ್‌ಗೆ ರಿಪೇರಿ ಮಾಡಬಾರದು. ಅದರಲ್ಲಿರುವುದನ್ನು ಇದ್ದ ಹಾಗೆ ಬೇರೆ ಕಡೆ ಇಳಿಸಿಕೊಳ್ಳಬೇಕು, ಆಟ ಏನಿದ್ದರೂ ಆ ನಕಲಿನ ಮೇಲೆ.

ಹಾಗೆ ಇಳಿಸಿಕೊಳ್ಳಲು ಬಳಸಿದ್ದೇ ಗ್ನೂ ಡಿಡಿರೆಸ್ಕ್ಯೂ. ಆಂಟೋನಿಯೊ ಡಿಯಾಝ್ ಡಿಯಾಝ್ ಎಂಬುವವರು 2004ರಿಂದ ಬೆಳೆಸಿಕೊಂಡು ಬಂದ ಉಚಿತ ತಂತ್ರಾಂಶ.

ಮೊದಲು ಹೆಸರಿನ ಗೊಂದಲ. ನಡುವೆ ಅಡಿಗೆರೆ ಇರುವ 'ಡಿಡಿ_ರೆಸ್ಕ್ಯೂ' ಅನ್ನುವುದು ಬೇರೆಯೇ ಪ್ರೋಗ್ರಾಮ್. ಡೆಬಿಯನ್ ಮತ್ತು ಉಬುಂಟುನಲ್ಲಿ ನಮಗೆ ಬೇಕಾದ ಪ್ಯಾಕೇಜಿನ ಹೆಸರು ಮುಂದೆ ಒಂದು 'ಜಿ' ಸೇರಿಸಿಕೊಂಡು ಜಿಡಿಡಿರೆಸ್ಕ್ಯೂ ಅಂತಿದೆ, ಆದರೆ ಟೈಪ್ ಮಾಡುವ ಕಮಾಂಡ್ ಡಿಡಿರೆಸ್ಕ್ಯೂ. ಗಾಬರಿಯಲ್ಲಿರುವವರಿಗೆ ಇದೆಲ್ಲ ಬೇಕಾ?

ಡಿಸ್ಕ್ ನಕಲು ಮಾಡುವ ಮಾಮೂಲಿ ಡಿಡಿ ಕಮಾಂಡ್ ಇದೆಯಲ್ಲ, ಅದು ಡಿಸ್ಕ್‌ನ ತಲೆಯಿಂದ ಬಾಲದವರೆಗೆ ಒಂದೇ ಸಮನೆ ಓದುತ್ತದೆ. ಕೆಟ್ಟ ಜಾಗ ಸಿಕ್ಕರೆ ನಿಂತುಬಿಡುತ್ತದೆ, ನಿಲ್ಲಬೇಡ ಅಂತ ಹೇಳಿದರೆ ಅಲ್ಲೇ ತಿಣುಕುತ್ತದೆ. ಅಷ್ಟರಲ್ಲಿ ಡಿಸ್ಕ್ ಸತ್ತರೆ ಮುಂದಿದ್ದ ಒಳ್ಳೆಯ ಭಾಗವೂ ಹೋಯಿತು. ಡಿಡಿರೆಸ್ಕ್ಯೂ ಹಾಗಲ್ಲ. ಕೆಟ್ಟ ಜಾಗ ಎದುರಾದರೆ ಗುರುತು ಹಾಕಿಕೊಂಡು ದಾಟಿ ಹೋಗುತ್ತದೆ. ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಒಮ್ಮೆ ಮುಂದಕ್ಕೆ ಓದಿದರೆ ಇನ್ನೊಮ್ಮೆ ಹಿಂದಿನಿಂದ ಬರುತ್ತದೆ. ಆಮೇಲೆ ಕೆಟ್ಟ ಜಾಗಗಳ ಅಂಚುಗಳನ್ನು ಕತ್ತರಿಸುತ್ತಾ ಬಂದು, ಕೊನೆಗೆ ಒಳಗೆ ಕೂತು ಒಂದೊಂದೇ ಸೆಕ್ಟರ್ ಕೆರೆಯುತ್ತದೆ. ಬಾಣಲೆಗೆ ಹತ್ತಿದ್ದನ್ನು ಕೊನೆಗೆ ಕೆರೆಯುತ್ತೇವಲ್ಲ, ಅದೇ ಕ್ರಮ.

ಆದರೆ ನನಗೆ ಮೆಚ್ಚುಗೆಯಾಗಿದ್ದು ಈ ಓದುವ ಜಾಣತನಕ್ಕಿಂತ ಜಾಸ್ತಿ ಅದರ ಮ್ಯಾಪ್ ಫೈಲ್. ಎಲ್ಲಿಯವರೆಗೆ ಓದಿದೆ, ಯಾವುದು ಸಿಕ್ಕಿತು, ಯಾವುದು ಸಿಗಲಿಲ್ಲ ಅನ್ನುವುದನ್ನೆಲ್ಲ ಒಂದು ಸಣ್ಣ ಫೈಲ್‌ನಲ್ಲಿ ಬರೆದಿಡುತ್ತದೆ. ಬರೀ ಪಠ್ಯ, ಯಾವ ಎಡಿಟರ್‌ನಲ್ಲಿ ಬೇಕಾದರೂ ತೆರೆಯಬಹುದು. ಸಿಕ್ಕಿದ ಭಾಗಕ್ಕೆ ಕೂಡುವ ಗುರುತು, ಕೆಟ್ಟದ್ದಕ್ಕೆ ಕಳೆಯುವ ಗುರುತು, ಇನ್ನೂ ಮುಟ್ಟದ ಭಾಗಕ್ಕೆ ಪ್ರಶ್ನೆ ಗುರುತು. ಈ ಫೈಲ್ ಇರುವ ತನಕ ನೀವು ಯಾವಾಗ ಬೇಕಾದರೂ ನಿಲ್ಲಿಸಬಹುದು, ಕಂಪ್ಯೂಟರ್ ಆರಿಸಬಹುದು, ನಾಳೆ ಅದೇ ಕಮಾಂಡ್ ಕೊಟ್ಟರೆ ಬಿಟ್ಟಲ್ಲಿಂದ ಹಿಡಿಯುತ್ತದೆ. ಮ್ಯಾಪ್ ಫೈಲ್ ಹೆಸರು ಕೊಡದೆಯೂ ಪ್ರೋಗ್ರಾಮ್ ಓಡುತ್ತದೆ. ನನ್ನನ್ನು ಕೇಳಿದರೆ ಹಾಗೆ ಓಡಲು ಬಿಡಲೇಬಾರದಿತ್ತು.

ಇದರ ಬೆಲೆ ನನಗೆ ಗೊತ್ತಾಗಿದ್ದು ಮೊದಲ ರಾತ್ರಿಯೇ. 2 ಟಿಬಿ ಖಾಲಿ ಡಿಸ್ಕ್ ಒಂದನ್ನು ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿಕೊಂಡೆ. ಎಫ್‌ಎಟಿ32 ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟುವುದಿಲ್ಲ, 1 ಟಿಬಿ ಇಮೇಜ್, ಅಂದರೆ ಇಡೀ ಡಿಸ್ಕ್‌ನ ನಕಲಿರುವ ಒಂದೇ ಫೈಲ್, ಎಲ್ಲಿ ಹಿಡಿಯಬೇಕು? ಕೆರೆಯುವ ಹಂತ ಸದ್ಯಕ್ಕೆ ಬೇಡ ಅನ್ನುವುದಕ್ಕೆ '-ಎನ್', ಕರ್ನಲ್‌ನ ಕ್ಯಾಶ್ ಬದಿಗಿಟ್ಟು ನೇರ ಓದು ಅನ್ನುವುದಕ್ಕೆ '-ಡಿ' ಕೊಟ್ಟು ಶುರು ಮಾಡಿದೆ. ಸೆಕೆಂಡಿಗೆ 90 ಎಂಬಿ ಓಡುತ್ತಿತ್ತು. ಖುಷಿಯಾಗಿ ಮಲಗಿದೆ. ಬೆಳಿಗ್ಗೆ ನೋಡಿದರೆ ಇನ್‌ಪುಟ್ ಫೈಲ್ ಕಾಣೆಯಾಗಿದೆ ಅಂತ ಹೇಳಿ ಪ್ರೋಗ್ರಾಮ್ ನಿಂತಿದೆ. ನಡುರಾತ್ರಿ ಡಿಸ್ಕ್ ಯುಎಸ್‌ಬಿಯಿಂದ ತಾನಾಗಿಯೇ ಕಳಚಿಕೊಂಡು ಮತ್ತೆ ಬಂದಿತ್ತು. ಲಿನಕ್ಸ್ ಅದಕ್ಕೆ ಕೊಟ್ಟ ಹೆಸರು ಮೊದಲು ಎಸ್‌ಡಿಬಿ ಅಂತಿದ್ದದ್ದು ಈಗ ಎಸ್‌ಡಿಸಿ ಆಗಿತ್ತು. ಮ್ಯಾಪ್ ಫೈಲ್ ಇತ್ತಲ್ಲ, ಎಳ್ಳಷ್ಟೂ ನಷ್ಟವಾಗಲಿಲ್ಲ. ಈ ಸಲ ಎಸ್‌ಡಿಬಿ, ಎಸ್‌ಡಿಸಿ ಗೊಡವೆಯೇ ಬೇಡ ಅಂತ /ಡೆವ್/ಡಿಸ್ಕ್/ಬೈ-ಐಡಿ ಒಳಗಿನ ಉದ್ದ ಹೆಸರು ಕೊಟ್ಟೆ. ಅದರಲ್ಲಿ ಡಿಸ್ಕ್‌ನ ಸೀರಿಯಲ್ ನಂಬರ್ ಇರುವುದರಿಂದ ಕಳಚಿ ಬಂದರೂ ಹೆಸರು ಬದಲಾಗುವುದಿಲ್ಲ. ತಪ್ಪು ಡಿಸ್ಕ್ ಕೊಡುವ ಭಯವೂ ಕಮ್ಮಿ.

ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಈ ಪ್ರೋಗ್ರಾಮ್‌ನ ಮೇಲೆ ನನ್ನ ದೊಡ್ಡ ದೂರು ಇಲ್ಲೇ ಇದೆ. ಮೊದಲು ಬರೆದದ್ದು ಮೂಲ, ಎರಡನೆಯದು ಗುರಿ, ಮೂರನೆಯದು ಮ್ಯಾಪ್ ಫೈಲ್. ಅಷ್ಟೇ, ಬೇರೆ ಗುರುತಿಲ್ಲ. ಗುರಿ ಇಡೀ ಡಿಸ್ಕ್ ಆಗಿದ್ದರೆ '-ಎಫ್' ಕೊಡದೆ ಬರೆಯುವುದಿಲ್ಲ, ಅದೊಂದು ತಡೆ ಇದೆ. ಆದರೆ ಅದನ್ನೂ ಕೊಟ್ಟು, ಮೂಲ ಮತ್ತು ಗುರಿಯನ್ನು ಅದಲು ಬದಲು ಮಾಡಿಬಿಟ್ಟರೆ ಖಾಲಿ ಡಿಸ್ಕನ್ನು ನಿಮ್ಮ ಡಿಸ್ಕ್ ಮೇಲೆ ಸುರಿಯುತ್ತದೆ. ನಾನು ಫೈಲ್‌ಗೆ ಇಳಿಸಿಕೊಂಡದ್ದು ಅದಕ್ಕೇ. ಎಂಟರ್ ಒತ್ತುವ ಮುಂಚೆ ತಂಗಿಯನ್ನು ಕೂರಿಸಿಕೊಂಡು ಜೋರಾಗಿ ಓದಿಸಿದೆ.

ಎರಡನೇ ದೂರು ಪರದೆಯದ್ದು. ಹನ್ನೊಂದು ಗಂಟೆ ಓಡಿದ ಮೇಲೆ 99.97 ಶೇಕಡಾ ಅಂತ ತೋರಿಸಿತು. ಕೇಳಲು ಚೆನ್ನಾಗಿದೆ ಅಲ್ವಾ? ಉಳಿದದ್ದು 212 ಎಂಬಿ. 1 ಟಿಬಿಯಲ್ಲಿ ಶೇಕಡಾ 0.01 ಅಂದರೇ 100 ಎಂಬಿ ಆಯಿತು. ಹಾಗಾಗಿ ಶೇಕಡಾ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ಪಕ್ಕದಲ್ಲಿರುವ ಬೈಟ್ ಲೆಕ್ಕ ನೋಡಿ. ಉಳಿದಿರುವ ಸಮಯ ಅಂತ ಒಂದು ಸಂಖ್ಯೆ ತೋರಿಸುತ್ತದೆ, ಅದು ಈಗ ಎರಡು ಗಂಟೆ ಅಂದರೆ ಇನ್ನೊಂದು ಗಳಿಗೆಗೆ ಹದಿನೇಳು ದಿನ ಅನ್ನುತ್ತದೆ. ಅದರ ಕಡೆ ನೋಡುವುದನ್ನೇ ಬಿಟ್ಟೆ. ಡಿಡಿರೆಸ್ಕ್ಯೂವ್ಯೂ ಅಂತ ಒಂದು ಪುಟ್ಟ ಪ್ರೋಗ್ರಾಮ್ ಬೇರೆ ಸಿಗುತ್ತದೆ. ಮ್ಯಾಪ್ ಫೈಲ್ ಕೊಟ್ಟರೆ ಇಡೀ ಡಿಸ್ಕನ್ನು ಬಣ್ಣದ ಚೌಕಗಳಲ್ಲಿ ತೋರಿಸುತ್ತದೆ. ತಂಗಿ ಅದನ್ನೇ ನೋಡುತ್ತಾ ಕೂತಿದ್ದಳು. ಹಸಿರು ಗದ್ದೆಯಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆ.

ಆಮೇಲೆ '-ಎನ್' ತೆಗೆದು ಕೆರೆಯಲು ಬಿಟ್ಟೆ. ಮೂರು ದಿನ. ಒಂದೊಂದು ಕೆಟ್ಟ ಸೆಕ್ಟರ್ ಮುಂದೆ ಡಿಸ್ಕ್ ತಾನೇ ಒಳಗೊಳಗೆ ಹಲವು ಸಲ ಪ್ರಯತ್ನಿಸಿ ಆಮೇಲೆ ಸೋಲು ಒಪ್ಪುತ್ತದೆ, ಅದಕ್ಕೇ ಅಷ್ಟು ನಿಧಾನ. ಮೂರು ದಿನದ ಕೊನೆಗೆ 212 ಎಂಬಿ ಇಳಿದು 3.4 ಎಂಬಿ ಆಯಿತು. ಇನ್ನೂ ಮೂರು ಸುತ್ತು ಪ್ರಯತ್ನಿಸು ಅಂತ '-ಆರ್3' ಕೊಟ್ಟೆ. ಸಿಕ್ಕಿದ್ದು 90 ಕೆಬಿ. ಅಲ್ಲಿಗೆ ಸಾಕು ಅನ್ನಿಸಿತು. 197ನೇ ಸಾಲಿನ ಲೆಕ್ಕವೂ ಏರುತ್ತಿತ್ತು. ಡಿಸ್ಕ್ ಕಳಚಿ, ಒಂದು ಚೀಟಿ ಅಂಟಿಸಿ ಪಕ್ಕಕ್ಕಿಟ್ಟೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಡಿಸ್ಕ್ ಒಳಗೆ ಟಕ್ ಟಕ್ ಅಂತ ಒಂದೇ ಲಯದಲ್ಲಿ ಶಬ್ದ ಬರುತ್ತಿದ್ದರೆ ಇದು ಯಾವುದೂ ಬೇಡ. ಓದುವ ಹೆಡ್ ಹಾಳಾಗಿರಬಹುದು, ಓಡಿಸಿದಷ್ಟೂ ಒಳಗಿನ ತಟ್ಟೆ ಗೀಚಿ ಹೋಗಬಹುದು. ವಿದ್ಯುತ್ ತೆಗೆದು, ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚುವವರ ಕೈಗೆ ಕೊಡಿ. ಫ್ರೀಜರ್‌ನಲ್ಲಿಡು ಅನ್ನುವವರು ಇನ್ನೂ ಇದ್ದಾರೆ. ಹೊರಗೆ ತೆಗೆದಾಗ ಒಳಗೆ ತೇವ ಕಟ್ಟುತ್ತದೆ, ಆಮೇಲೆ ಬಿಚ್ಚುವವರಿಗೂ ಕಷ್ಟ. ಇನ್ನು ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕ್ ಮೌಂಟ್ ಆಗುತ್ತಿಲ್ಲ ಅಂದರೆ ಎಷ್ಟೋ ಸಲ ಅದು ರೋಗವೇ ಅಲ್ಲ. ಫಾಸ್ಟ್ ಸ್ಟಾರ್ಟಪ್ ಇದ್ದಾಗ ವಿಂಡೋಸ್ ಪೂರ್ತಿ ಆಫ್ ಆಗಿರುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ವಿಂಡೋಸ್‌ನಲ್ಲೇ ಫಾಸ್ಟ್ ಸ್ಟಾರ್ಟಪ್ ತೆಗೆದು, ಪೂರ್ತಿ ಶಟ್‌ಡೌನ್ ಮಾಡಿ ತಂದರೆ ಮುಗಿಯಿತು.

ಈಗ ಇಮೇಜ್ ಕೈಯಲ್ಲಿದೆ. ಫೈಲನ್ನು ಡಿಸ್ಕ್‌ನಂತೆ ತೋರಿಸುವ ಲೋಸೆಟಪ್‌ನಿಂದ ಅದನ್ನು ಓದಲು ಮಾತ್ರ ಅಂತ ಜೋಡಿಸಿ, ಪಾರ್ಟಿಶನ್ ಮೌಂಟ್ ಮಾಡಲು ಹೋದೆ. ಮತ್ತೆ ಸೂಪರ್‌ಬ್ಲಾಕ್ ಸರಿಯಿಲ್ಲ. ಅದು ಕೆಂಪು ಚುಕ್ಕೆಯ ಕೆಳಗೆ ಸಿಕ್ಕಿಕೊಂಡಿತ್ತು, ಆಶ್ಚರ್ಯವಿಲ್ಲ. ಈ ಸಲ ಎಫ್‌ಎಸ್‌ಸಿಕೆ ಹತ್ತಿರ ಹೋಗಲಿಲ್ಲ. ಮೌಂಟ್ ಕಮಾಂಡ್‌ಗೇ ಬೇರೆ ಸೂಪರ್‌ಬ್ಲಾಕ್ ಬಳಸು ಅಂತ ಹೇಳಬಹುದು. ಆದರೆ 32768 ಅಂತ ಕೊಟ್ಟರೆ ಆಗುವುದಿಲ್ಲ. ಅದು 1 ಕೆಬಿ ಲೆಕ್ಕದಲ್ಲಿ ಕೇಳುತ್ತದೆ, ನಾಲ್ಕರಿಂದ ಗುಣಿಸಿ 131072 ಕೊಡಬೇಕು. ಈ ಒಂದು ಗುಣಾಕಾರ ಗೊತ್ತಿಲ್ಲದೆ ಅರ್ಧ ದಿನ ಕಳೆದೆ. ಜೊತೆಗೆ ಓದಲು ಮಾತ್ರ, ಜರ್ನಲ್ (ಫೈಲ್ ಸಿಸ್ಟಮ್ ಇಡುವ ಬದಲಾವಣೆಗಳ ದಾಖಲೆ) ಮುಟ್ಟಬೇಡ ಅನ್ನುವ ಆಯ್ಕೆಗಳನ್ನೂ ಕೊಟ್ಟೆ.

ಮೌಂಟ್ ಆಯಿತು. ವರ್ಷವಾರು ಫೋಲ್ಡರ್‌ಗಳು, ಒಳಗೆ ಹೊಂಡದ ನಂಬರ್, ದಿನಾಂಕ, ಸಮಯ ಎಲ್ಲ ಇರುವ ಫೈಲ್ ಹೆಸರುಗಳು. ತಂಗಿ ಏನೂ ಮಾತಾಡಲಿಲ್ಲ, ಎದ್ದು ಹೋಗಿ ಹೆಡ್‌ಫೋನ್ ತಂದಳು.

ಸಿಗದ 3.3 ಎಂಬಿ ಯಾವ ಫೈಲ್‌ಗಳ ಒಳಗಿದೆ? ಇಮೇಜ್‌ನಲ್ಲಿ ಆ ಜಾಗಗಳಲ್ಲಿ ಬರೀ ಸೊನ್ನೆ ಇರುತ್ತದೆ, ಫೈಲ್ ತೆರೆದರೆ ತಕರಾರಿಲ್ಲದೆ ತೆರೆಯುತ್ತದೆ. ಇದಕ್ಕೂ ಡಿಡಿರೆಸ್ಕ್ಯೂನಲ್ಲೇ ಉಪಾಯವಿದೆ. ಫಿಲ್ ಮೋಡ್ ಅಂತ. ಮ್ಯಾಪ್ ಫೈಲ್ ನೋಡಿಕೊಂಡು ಕೆಟ್ಟ ಸೆಕ್ಟರ್‌ಗಳ ಜಾಗದಲ್ಲೆಲ್ಲ ನಾವು ಕೊಟ್ಟ ಒಂದು ಪದವನ್ನು ತುಂಬುತ್ತದೆ. ಇಮೇಜ್ ಕಳಚಿ ಅದನ್ನು ತುಂಬಿಸಿ, ಮತ್ತೆ ಮೌಂಟ್ ಮಾಡಿ, ಆ ಪದಕ್ಕಾಗಿ ಗ್ರೆಪ್ ಓಡಿಸಿದರೆ ಪೆಟ್ಟಾದ ಫೈಲ್‌ಗಳ ಪಟ್ಟಿ ಬರುತ್ತದೆ. ನಮಗೆ 23 ಸಿಕ್ಕವು. ಅವಳ ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 16 ಬಿಟ್, ಮೊನೊ. ಸೆಕೆಂಡಿಗೆ 96,000 ಬೈಟ್. 4 ಕೆಬಿಯ ಒಂದು ಬ್ಲಾಕ್ ಹೋದರೆ ಸೆಕೆಂಡಿನ ಇಪ್ಪತ್ಮೂರನೇ ಒಂದು ಭಾಗ ಹೋಯಿತು, ಒಂದು ಸಣ್ಣ ಚಟ್ ಶಬ್ದ. "ಅಷ್ಟಕ್ಕೆಲ್ಲ ಕಪ್ಪೆ ಸಾಯಲ್ಲ ಬಿಡು" ಅಂದಳು.

ಹೆಸರಿಗೆ ಪೆಟ್ಟು ಬಿದ್ದದ್ದು ಒಂದೇ ಕಡೆ. ಒಂದು ಫೋಲ್ಡರ್‌ನ ಹೆಸರುಗಳ ಪಟ್ಟಿ ಇದ್ದ ಜಾಗವೇ ಓದಲು ಸಿಗಲಿಲ್ಲ, ಅದರೊಳಗಿನ ಫೈಲ್‌ಗಳು ಅನಾಥವಾದವು. ಅದಕ್ಕೆ ಫೋಟೋರೆಕ್ ತಂದೆ. ಕ್ರಿಸ್ಟೋಫ್ ಗ್ರೆನಿಯೆ ಬರೆದದ್ದು, ಹೆಸರಲ್ಲಿ ಫೋಟೋ ಇದ್ದರೂ ನೂರಾರು ಬಗೆಯ ಫೈಲ್ ಹುಡುಕುತ್ತದೆ. ಅವರದೇ ಟೆಸ್ಟ್‌ಡಿಸ್ಕ್ ಕೂಡ ಇದೆ, ಪಾರ್ಟಿಶನ್ ಪಟ್ಟಿ ಅಳಿಸಿ ಹೋದವರಿಗೆ ಒಳ್ಳೆಯದು, ನಮಗೆ ಬೇಕಾಗಲಿಲ್ಲ. ಫೋಟೋರೆಕ್ ಫೈಲ್ ಸಿಸ್ಟಮ್‌ನ ಹಂಗಿಲ್ಲದೆ, ಫೈಲ್‌ನ ಮೊದಲ ಬೈಟ್‌ಗಳ ಗುರುತು ಹಿಡಿದು ಎತ್ತುತ್ತದೆ. ಅದರ ಗುಣವೂ ಅದೇ, ದೋಷವೂ ಅದೇ. ಹೆಸರು ಸಿಗುವುದಿಲ್ಲ. ಎಫ್ ಅಕ್ಷರ, ಮುಂದೆ ಒಂದು ಉದ್ದ ಸಂಖ್ಯೆ. ಯಾವ ಹೊಂಡ, ಯಾವ ರಾತ್ರಿ ಅಂತ ಗೊತ್ತಿಲ್ಲದ ಕಪ್ಪೆ ಕೂಗು ಸಂಶೋಧನೆಗೆ ಏನು ಪ್ರಯೋಜನ? ಮೊದಲೇ ಫೋಟೋರೆಕ್ ಓಡಿಸಿದ್ದರೆ ಎಲ್ಲ ಆರು ವರ್ಷವೂ ಹೀಗೇ ಅನಾಮಿಕವಾಗಿ ಕೈಗೆ ಬರುತ್ತಿತ್ತು.

ಅದು ಎತ್ತಿಕೊಟ್ಟ ರಾಶಿಯಿಂದ, ನಮ್ಮ ಹತ್ತಿರ ಹೆಸರಿನ ಸಮೇತ ಇದ್ದದ್ದನ್ನೆಲ್ಲ ಚೆಕ್‌ಸಮ್ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ಹೊಂದಿಸಿ ತೆಗೆದುಹಾಕಿದೆ. ತುಂಡಾಗಿ ಬಂದದ್ದನ್ನೂ ಬದಿಗಿಟ್ಟ ಮೇಲೆ 61 ಉಳಿದವು. ಮೂರು ಸಂಜೆ ತಂಗಿ ಹೆಡ್‌ಫೋನ್ ಹಾಕಿಕೊಂಡು ಕೂತಳು, ನಾನು ಪಕ್ಕದಲ್ಲಿ ಹೆಸರು ಟೈಪ್ ಮಾಡುತ್ತಾ ಹೋದೆ.

"ಹಿಂದೆ ಪಂಪ್ ಓಡ್ತಿದೆ, ಇದು ಮೂರನೇ ಹೊಂಡ. ಬರಿ."

ಬರೆದೆ.

"ಇದ್ರಲ್ಲಿ ಯಾರೋ ಕೆಮ್ತಿದಾರೆ. ಓ, ನೀನೇ ಅಣ್ಣ. ಒಂದೇ ಒಂದು ರಾತ್ರಿ ಬಂದಿದ್ದೆ ನೋಡು, ದಿನಾಂಕ ಸಿಕ್ತು."